ಬೆಟ್ಟ ಬರೆದವರ ರಾಜಕಾರಣ
ಮಾಗಡಿ ಸೀಮೆಯ ಬೆಟ್ಟದ ಕೋಟೆ ಸಾವನದುರ್ಗ 1791ರ ಡಿಸೆಂಬರಿನಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯಕ್ಕೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಆ ಹೆಬ್ಬಂಡೆ ಚಿತ್ರವಾಗಿ ಲಂಡನ್ ಸೇರಿತು. ದಂಡಿನ ಜೊತೆಗೇ ತಿರುಗಿದ ಕಲಾವಿದ ರಾಬರ್ಟ್ ಹೋಮ್, ಟಿಪ್ಪುವಿನ ನಾಡಿನ ನೋಟಗಳ ಪುಸ್ತಕವನ್ನು 1794ರಲ್ಲಿ ಹೊರತಂದ. ಅದೇ ಸುಮಾರಿಗೆ ಕೋಲ್‌ಬ್ರೂಕ್ ಎಂಬ ಸೇನಾಧಿಕಾರಿಯೂ ಮೈಸೂರು ಸೀಮೆಯ 12 ನೋಟಗಳನ್ನು ಪ್ರಕಟಿಸಿದ. ಅವನ ಕಸುಬು ಭೂಮಾಪನ. ಅಳೆಯುವ ಕೈಯೇ ಬರೆಯುವ ಕೈಯೂ ಆದದ್ದು ನನಗೆ ಕಾಕತಾಳೀಯವೆನಿಸುವುದಿಲ್ಲ. ಬೆಟ್ಟ ಎಷ್ಟು ದುರ್ಗಮವಾಗಿ ಕಂಡರೆ ಗೆದ್ದವನ ಕೀರ್ತಿ ಅಷ್ಟು ದೊಡ್ಡದು. ಕೋಟೆಗಳು ಹಾಳು ಸುರಿದಂತೆ, ಪ್ರಶಾಂತವಾಗಿ ಕಂಡಷ್ಟೂ ಈ ನೆಲ ಹೊಸ ಒಡೆಯನಿಗೇ ಕಾದಿತ್ತೆಂಬ ಭಾವನೆ ನೋಡುವವನಲ್ಲಿ ಬಲಿಯುತ್ತದೆ. 1792ರ ಶ್ರೀರಂಗಪಟ್ಟಣದ ಮುತ್ತಿಗೆಗೆ ಬೇಕಾದ ಸಾಮಗ್ರಿಗಾಗಿ ಅಲ್ಲಿನ ಲಾಲ್‌ಬಾಗ್ ತೋಟದ ಮರಗಳನ್ನು ಇದೇ ಸೈನ್ಯ ಕಡಿದು ಹಾಕಿತ್ತು. ಅಂಥ ಗಾಯಗಳಿಗೆ ರಮಣೀಯ ನೋಟದ ಚೌಕಟ್ಟಿನಲ್ಲಿ ಜಾಗ ಸಿಗುವುದು ಅಪರೂಪ. ಈಗ ಅದೇ ಊರಿನಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನ ಪಡಸಾಲೆಗೆ ಹೋಗಿ ನಿಲ್ಲಿ. ಮೈಸೂರು ಸೈನ್ಯ ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಕಾಳಗ ಅಲ್ಲಿ ಗೋಡೆ ತುಂಬ ಹರಡಿದೆ. ಪಲ್ಲಕ್ಕಿಯಲ್ಲಿ ಗಾಯಾಳು ಬ್ರಿಟಿಷ್ ಕರ್ನಲ್ ಬೇಲಿ, ಸುತ್ತ ಸೋಲುತ್ತಿರುವ ಕೆಂಪಂಗಿ ಪಡೆ, ಸಿಡಿಯುತ್ತಿರುವ ಮದ್ದಿನ ಬಂಡಿ. ಇಲ್ಲಿ ನೆಲ ನಿಶ್ಚಲ ದೃಶ್ಯವಲ್ಲ, ಕುದುರೆ ಆನೆಗಳ ಕಾಲ್ತುಳಿತಕ್ಕೆ ಸಿಕ್ಕ ರಣರಂಗ. ಇದೂ ರಾಜಕೀಯ ಚಿತ್ರವೇ. ಟಿಪ್ಪು ತನ್ನ ಗೆಲುವನ್ನು ತಾನೇ ಬರೆಸಿಕೊಂಡದ್ದು. ಆದರೆ ಅದು ತನ್ನ ಪಕ್ಷವನ್ನು ಮುಚ್ಚಿಡುವುದಿಲ್ಲ; ರಮಣೀಯ ನೋಟ ಮುಚ್ಚಿಡುತ್ತದೆ. ಅದಕ್ಕೇ, ಹೋಮ್‌ನ ಬೆಟ್ಟಗಳು ಪಠ್ಯಪುಸ್ತಕಗಳಲ್ಲಿ ಅಚ್ಚಾಗುವಾಗ ಅವನು ಯಾರ ದಂಡಿನ ಜೊತೆ ಬಂದಿದ್ದನೆಂಬ ಒಂದು ಸಾಲಾದರೂ ಕೆಳಗಿರಬೇಕು.