ಪಾಸಾದವರ ಲೆಕ್ಕವಿದೆ, ಕಲಿತದ್ದರ ಲೆಕ್ಕವೆಲ್ಲಿ?

ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ 2023ರಲ್ಲಿ ಪಾಸಾದವರು ಶೇ 99.70, 2024ರಲ್ಲಿ ಶೇ 99.69. ಈ ಅಂಕಿಗಳನ್ನು ಎಷ್ಟು ತಿರುವಿ ನೋಡಿದರೂ ಕಲಿಕೆ ಏರಿತೇ ಇಳಿಯಿತೇ ಎಂಬುದು ತಿಳಿಯದು. ಸೀಟಿಗೆ ಆರಿಸಲೂ ಪಾಸಾದದ್ದಷ್ಟೇ ಸಾಲದು: ಅದೇ ಮಕ್ಕಳು ಎರಡು ವರ್ಷ ಕಳೆದು ಕಳಮಶ್ಶೇರಿಯ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಬೇಕೆಂದರೆ ಅಲ್ಲಿನದೇ ಪ್ರವೇಶ ಪರೀಕ್ಷೆ ಬರೆಯಬೇಕು. 2025ರ ಜುಲೈಯಲ್ಲಿ ರಾಜ್ಯದ ಎಂಜಿನಿಯರಿಂಗ್ ಪ್ರವೇಶದ ‘ಕೀಮ್’ ರ‍್ಯಾಂಕ್ ಪಟ್ಟಿಯನ್ನು ಹೈಕೋರ್ಟ್ ರದ್ದುಪಡಿಸಿತು. ಬೇರೆ ಬೇರೆ ಮಂಡಳಿಗಳ ಪ್ಲಸ್ ಟು ಅಂಕಗಳನ್ನು ಹೊಂದಿಸುವ ಸೂತ್ರವನ್ನು ಕೊನೆಗಳಿಗೆಯಲ್ಲಿ ಬದಲಿಸಿದ್ದೇ ಅದಕ್ಕೆ ಕಾರಣ. ತೇರ್ಗಡೆ ಮಾಡುವುದು ಒಂದು ಕೆಲಸ, ಸೀಟಿಗೆ ಆರಿಸುವುದು ಇನ್ನೊಂದು. ನಾಡಿನ ಮಕ್ಕಳು ಏನು ಕಲಿತಿದ್ದಾರೆಂದು ಅಳೆಯುವುದು ಮೂರನೆಯದು. ಮೊದಲೆರಡಕ್ಕೆ ಮಂಡಳಿಯಿದೆ, ಕಾವಲಿದೆ, ಕೋರ್ಟೂ ಇದೆ. ಮೂರನೆಯದಕ್ಕೆ ಗಟ್ಟಿ ನೆಲೆಯೇ ಇಲ್ಲ.

ಪರೀಕ್ಷೆ ಬಿಗಿ ಮಾಡಿದರೆ ಸಾಕು ಎನ್ನುವವರಿದ್ದಾರೆ. ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇ 30 ಅಂಕ ಬೇಕೆಂಬ ನಿಯಮವನ್ನು ಕೇರಳ 2024-25ರಲ್ಲಿ ಎಂಟನೇ ತರಗತಿಯಿಂದ ಶುರುಮಾಡಿದ್ದು ಈ ದಾರಿಯಲ್ಲೇ. ಆದರೆ ಕರ್ನಾಟಕದ ಅನುಭವ ಕಣ್ಣೆದುರಿಗಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಕುಸಿಯಿತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಶೇ 83.89 ಇದ್ದದ್ದು ಶೇ 73.40ಕ್ಕೆ ಬಂದು ನಿಂತಿತು. ಬಿಗಿಗೆ ಇಳಿದು ಕೃಪಾಂಕಕ್ಕೆ ಏರುವ ಅಂಕಿಯಿಂದ ಕಲಿಕೆಯನ್ನು ಅಳೆಯುವುದು ಹೇಗೆ?

ಅಳೆಯಲು ಮಾದರಿ ಸಮೀಕ್ಷೆಯೇ ಬೇಕು. 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆ ಮತ್ತು 2024ರ ಡಿಸೆಂಬರಿನ ‘ಪರಖ್’ ಸಮೀಕ್ಷೆ ಅಂಥವೇ. ಆದರೆ ಮೊದಲನೆಯದು 3, 5, 8, 10ನೇ ತರಗತಿಗಳದು, ಎರಡನೆಯದು 3, 6, 9ರದು. ಮಾಪಕವೇ ಹೀಗೆ ಬದಲಾದರೆ ಪ್ರಗತಿಯನ್ನು ಯಾವುದಕ್ಕೆ ಹೋಲಿಸಿ ಹೇಳುವುದು? ಸಮೀಕ್ಷೆಯ ನಿಜವಾದ ಬೆಲೆಯಿರುವುದು ತಪ್ಪು ಉತ್ತರಗಳಲ್ಲಿ. ಮೂರರಲ್ಲೊಂದಕ್ಕೆ ನಾಲ್ಕರಲ್ಲೊಂದನ್ನು ಕೂಡಿಸಿ ಏಳರಲ್ಲಿ ಎರಡು ಎಂದು ಬರೆದ ಹುಡುಗಿ ಮೇಲಿನದಕ್ಕೆ ಮೇಲಿನದನ್ನೂ ಕೆಳಗಿನದಕ್ಕೆ ಕೆಳಗಿನದನ್ನೂ ಕೂಡಿಸಿದ್ದಾಳೆ. ಭಿನ್ನರಾಶಿ ಒಂದೇ ಸಂಖ್ಯೆ ಎಂಬುದು ಅವಳಿಗೆ ಹೊಳೆದಿಲ್ಲ. ಪರೀಕ್ಷೆ ಸೊನ್ನೆ ಹಾಕಿ ಮುಂದೆ ಹೋಗುತ್ತದೆ. ಒಳ್ಳೆಯ ಸಮೀಕ್ಷೆ ಈ ತಪ್ಪು ಎಷ್ಟು ಮಕ್ಕಳದ್ದೆಂದು ಮೇಷ್ಟರಿಗೆ ಹೇಳಬೇಕು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಂತೂ ಇದು ತುರ್ತಿನ ಮಾತು. ತಪ್ಪಿದ್ದು ಗಣಿತವೋ, ಪ್ರಶ್ನೆಯ ಅನುವಾದವೋ? ಜಿಲ್ಲೆಯ ಸರಾಸರಿಯೊಳಗೆ ಅವರು ಕರಗಿಹೋದರೆ ಉತ್ತರ ಎಂದಿಗೂ ಸಿಗದು.

ಮಕ್ಕಳ ಮೇಲೆ ಮತ್ತೊಂದು ಪರೀಕ್ಷೆಯ ಹೊರೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಮಾದರಿ ಸಮೀಕ್ಷೆ ಆಯ್ದ ಶಾಲೆಗಳ ಕೆಲವೇ ಮಕ್ಕಳ ಒಂದೆರಡು ಗಂಟೆ ಕೇಳುತ್ತದೆ, ಅಂಕಪಟ್ಟಿಯಿಲ್ಲ, ನಪಾಸಿಲ್ಲ. ಶಾಲೆಗಳು ಇದಕ್ಕೂ ತಯಾರಿ ಕೊಡಿಸುತ್ತವೆ ಎಂಬ ಭಯವೂ ಸುಳ್ಳಲ್ಲ; ಆದರೆ ಶಾಲೆಗಳ ಫಲಿತಾಂಶ ಬಹಿರಂಗವಾಗದಿದ್ದರೆ ಆ ಒತ್ತಡ ತಗ್ಗುತ್ತದೆ. 1996ರಲ್ಲಿ ಉರುಗ್ವೆ ತನ್ನ ಕಲಿಕಾ ಮಾಪನದ ಶಾಲಾವಾರು ಫಲಿತಾಂಶವನ್ನು ಸಾರ್ವಜನಿಕವಾಗಿ ಪ್ರಕಟಿಸದೆ ಆಯಾ ಶಾಲೆಗೇ ಕೊಟ್ಟಿತು. ಶಿಕ್ಷಕರ ವಿಶ್ವಾಸ ಗಳಿಸಲು ಆರಿಸಿದ ದಾರಿ ಅದು. ತಿರುವನಂತಪುರವೂ ಬೆಂಗಳೂರೂ ಇದನ್ನೇ ಮಾಡಲಿ. ಜೊತೆಗೆ ಪಾಸು ಮಾಡುವ ಮಂಡಳಿಯಿಂದ ಅಳೆಯುವ ಸಂಸ್ಥೆಯನ್ನು ಬೇರ್ಪಡಿಸಲಿ, ಒಂದಷ್ಟು ಪ್ರಶ್ನೆಗಳನ್ನು ಗುಟ್ಟಾಗಿ ಕಾಯ್ದಿಟ್ಟು ಪ್ರತಿ ಸಲವೂ ಕೇಳಲಿ, ಕನ್ನಡ ಮಾಧ್ಯಮದ ಮಕ್ಕಳ ಫಲಿತಾಂಶವನ್ನು ಕೇರಳ ಪ್ರತ್ಯೇಕವಾಗಿ ಪ್ರಕಟಿಸಲಿ.