ನಗಾರಿ ಉಳಿಯಿತು, ಪಾಶಾ ಎಲ್ಲಿ ಹೋದ?

ಒಪೆರಾದಲ್ಲಿ ಪರದೆ ಏಳುವ ಮುನ್ನ ವಾದ್ಯವೃಂದ ಮಾತ್ರ ನುಡಿಸುವ ಭಾಗಕ್ಕೆ ಓವರ್ಚರ್ ಎನ್ನುತ್ತಾರೆ. ಉರ್ದುವಿನ 'ತಮ್‌ಹೀದ್' ಇದಕ್ಕೆ ಹತ್ತಿರದ ಮಾತು. ಆದರೆ ಪಾಶ್ಚಾತ್ಯ ಸಂಗೀತ ಸಭೆಗಳಲ್ಲಿ ನಡೆಯುತ್ತಿರುವುದೇನು? ತಮ್‌ಹೀದ್ ಓದಿ ಪುಸ್ತಕ ಮುಚ್ಚಿಡುವ ಕೆಲಸ. ಮೊದಲಿಗೊಂದು ಪುಟ್ಟ ಓವರ್ಚರ್, ಆಮೇಲೆ ಕಾನ್ಚೆರ್ಟೊ, ವಿರಾಮದ ಬಳಿಕ ಸಿಂಫನಿ. ತಡವಾಗಿ ಬಂದವರನ್ನು ಓವರ್ಚರ್ ಮುಗಿಯುವವರೆಗೆ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಕಳೆದುಕೊಂಡದ್ದೇನೂ ಇಲ್ಲ ಎಂಬ ಭಾವದಲ್ಲೇ ಅವರು ಒಳಗೆ ಬರುತ್ತಾರೆ.

ಇದನ್ನು ಸಮರ್ಥಿಸುವವರು ರೊಸ್ಸಿನಿಯ ಹೆಸರು ಹೇಳುತ್ತಾರೆ. 1816ರ 'ಸೆವಿಲ್ಲೆಯ ಕ್ಷೌರಿಕ' ನಗೆ ತುಂಬಿದ ಒಪೆರಾ. ಅದರ ಜಗತ್ಪ್ರಸಿದ್ಧ ಓವರ್ಚರನ್ನು ಆತ 1813 ಮತ್ತು 1815ರ ಎರಡು ಗಂಭೀರ ಒಪೆರಾಗಳಿಗೆ ಅದಾಗಲೇ ಬಳಸಿಕೊಂಡಿದ್ದ. ಹಾಗಿರುವಾಗ ಓವರ್ಚರಿಗೂ ಕತೆಗೂ ಎಲ್ಲಿಯ ನಂಟು ಎಂಬುದು ಅವರ ಪ್ರಶ್ನೆ. ರೊಸ್ಸಿನಿಯ ಮಟ್ಟಿಗೆ ಇದನ್ನು ನಾವು ಒಪ್ಪುತ್ತೇವೆ. ಆದರೆ ಒಬ್ಬನ ಅವಸರವನ್ನು ಎಲ್ಲರ ಮೇಲೂ ನಿಯಮವಾಗಿ ಹೇರುವುದು ಯಾವ ನ್ಯಾಯ? ಮುಂದೆ ನಡೆಯಲಿರುವುದರ ಸ್ವರೂಪವನ್ನು ಓವರ್ಚರ್ ಪ್ರೇಕ್ಷಕರಿಗೆ ತಿಳಿಸಬೇಕು ಎಂದು ಗ್ಲುಕ್ 1769ರಲ್ಲೇ 'ಅಲ್ಚೆಸ್ತೆ'ಯ ಮುನ್ನುಡಿಯಲ್ಲಿ ಹೇಳಿದ್ದಾನಲ್ಲ!

ಈ ಕತ್ತರಿ ಪ್ರಯೋಗದಿಂದ ಏನು ನಷ್ಟವಾಗುತ್ತದೆ ಎಂಬುದಕ್ಕೆ ಮೊಜಾರ್ಟನ 'ಜನಾನಾದಿಂದ ಅಪಹರಣ' ಸಾಕು. 1782ರ ಜುಲೈ 16ರಂದು ವಿಯೆನ್ನಾದಲ್ಲಿ ಅದು ಮೊದಲು ರಂಗಕ್ಕೆ ಬಂತು. ತುರ್ಕರು ಆ ನಗರಕ್ಕೆ ಮುತ್ತಿಗೆ ಹಾಕಿದ್ದು 1683ರಲ್ಲಿ. ನೂರು ವರ್ಷದ ನಂತರವೂ ತುರ್ಕನೆಂದರೆ ಅಲ್ಲಿ ಭಯ, ಜೊತೆಗೆ ಗೇಲಿ. ಉಸ್ಮಾನೀ ಸೈನ್ಯದ ಮೆಹ್ತರ್ ವಾದ್ಯಮೇಳವನ್ನು ಅನುಕರಿಸಿ ದೊಡ್ಡ ಡೋಲು, ತಾಳ, ತ್ರಿಕೋನ, ಕಿರುಕೊಳಲುಗಳನ್ನು ಮೊಜಾರ್ಟ್ ಈ ಓವರ್ಚರಿನಲ್ಲಿ ಮೊಳಗಿಸಿದ. (ಆ ಮೇಳದ 'ನಕ್ಕಾರೆ'ಯೇ ಉರ್ದುವಿನ ನಕ್ಕಾರಾ, ಕನ್ನಡದ ನಗಾರಿ.) ಹಿಂದಿನ ರಾತ್ರಿಯಿಡೀ ಕಣ್ಣು ಮುಚ್ಚದವನೂ ಇದನ್ನು ಕೇಳುತ್ತಾ ನಿದ್ದೆ ಮಾಡಲಾರ ಎಂದು 1781ರ ಸೆಪ್ಟೆಂಬರಿನಲ್ಲಿ ತಂದೆಗೆ ಪತ್ರ ಬರೆದಿದ್ದ.

ಆದರೆ ಅಬ್ಬರ ನಡುವಿನಲ್ಲಿ ನಿಂತುಬಿಡುತ್ತದೆ. ಮೆಲ್ಲನೆಯ, ನೋವು ತುಂಬಿದ ಒಂದು ರಾಗ ಬರುತ್ತದೆ. ಪರದೆ ಎದ್ದೊಡನೆ, ಸೆರೆಯಲ್ಲಿರುವ ಪ್ರೇಯಸಿಯನ್ನು ಹುಡುಕಿ ಬಂದ ಬೆಲ್ಮೊಂತೆ ಹಾಡುವುದು ಅದನ್ನೇ, ಈಗ ನೋವಿನ ಬದಲು ಭರವಸೆಯ ಸ್ವರಗಳಲ್ಲಿ. ಓವರ್ಚರಿಗೆ ಪ್ರತ್ಯೇಕ ಮುಕ್ತಾಯವೇ ಇಲ್ಲ, ಅದು ನೇರವಾಗಿ ಈ ಹಾಡಿಗೆ ಹರಿದು ಸೇರುತ್ತದೆ. ಸಭೆಗಳಲ್ಲಿ ಬಿಡಿಯಾಗಿ ನುಡಿಸುವುದಕ್ಕೆಂದು ಯೊಹಾನ್ ಆಂಟನ್ ಆಂಡ್ರೆ ಎಂಬವರು ಅದಕ್ಕೊಂದು ಕೊನೆ ಹೊಲಿದುಕೊಟ್ಟರು. ಮೊಜಾರ್ಟ್ ತೆರೆದಿಟ್ಟ ಬಾಗಿಲಿಗೆ ಹಾಕಿದ ಅಗುಳಿ ಅದು.

ಆ ಬಾಗಿಲಾಚೆ ಇದ್ದವನು ಸೆಲೀಮ್ ಪಾಶಾ. ಇಡೀ ಒಪೆರಾದಲ್ಲಿ ಹಾಡು ಹೇಳದ ಪ್ರಮುಖ ಪಾತ್ರ ಅವನದು, ಅವನಿಗಿರುವುದು ಬರಿಯ ಮಾತು. ಓಡಿಹೋಗುತ್ತಿದ್ದ ಪ್ರೇಮಿಗಳು ಸಿಕ್ಕಿಬೀಳುತ್ತಾರೆ. ಬೆಲ್ಮೊಂತೆ ತನ್ನ ಬದುಕನ್ನು ಹಾಳುಗೆಡವಿದ ಪರಮ ವೈರಿಯ ಮಗ ಎಂಬುದು ಪಾಶಾನಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಎಲ್ಲರನ್ನೂ ಬಿಟ್ಟುಬಿಡುತ್ತಾನೆ. ಮೂಲ ನಾಟಕದಲ್ಲಿ ಹೀಗಿರಲಿಲ್ಲ. ಅಲ್ಲಿ ಬೆಲ್ಮೊಂತೆ ಪಾಶಾನ ಕಳೆದುಹೋದ ಸ್ವಂತ ಮಗ. ವಿಯೆನ್ನಾದ ಸ್ಟೆಫಾನಿ ಅದನ್ನು ಬದಲಿಸಿ ಮಗನ ಜಾಗದಲ್ಲಿ ವೈರಿಯ ಮಗನನ್ನು ನಿಲ್ಲಿಸಿದ. ಕತೆ ಬರೆಯುವ ನಮಗೆ ಈ ಒಂದು ತಿದ್ದುಪಡಿಯ ಬೆಲೆ ಗೊತ್ತು.

ಈ ಒಪೆರಾ ತುರ್ಕರ ಗುಣಗಾನವೇನೂ ಅಲ್ಲ. ಕಾವಲಿನ ಓಸ್ಮಿನ್ ಹಲ್ಲುಕಡಿಯುವ ವಿಕಟ ಪಾತ್ರ. ಪಾಶಾನ ಸಜ್ಜನಿಕೆಗೂ ಒಂದು ಸಮಜಾಯಿಷಿ ಇದೆ: ಅವನು ಮತಾಂತರಗೊಂಡವನು, ಆದ್ದರಿಂದ ಇನ್ನೂ ಸ್ವಲ್ಪ ನಯ ಉಳಿದಿದೆ ಎಂದು ಒಬ್ಬ ಸೇವಕ ಮೊದಲ ಅಂಕದಲ್ಲೇ ಹೇಳುತ್ತಾನೆ. ಇದನ್ನು ನಾವು ಮರೆಮಾಚುವುದಿಲ್ಲ. ಹಾಗೆಂದೇ ಇಡೀ ಕೃತಿಯನ್ನು ಕೇಳಬೇಕು, ಕೇಳಿ ಜಗಳವಾಡಬೇಕು. ಓವರ್ಚರ್ ಮಾತ್ರ ಕೇಳಿದವನಿಗೆ ಜಗಳವಾಡಲು ಏನೂ ಸಿಗುವುದಿಲ್ಲ. ಅವನ ಕಿವಿಯಲ್ಲಿ ಉಳಿಯುವ ತುರ್ಕ ಬರಿಯ ತಾಳದ ಝಣತ್ಕಾರ. ಅದನ್ನೇ ಪೂರ್ವದೇಶ ಎಂದುಕೊಂಡು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ.

ವಾರದ ದಿನ ಮೂರು ಗಂಟೆಯ ಒಪೆರಾಕ್ಕೆ ಯಾರಿಗೆ ಪುರಸೊತ್ತು ಎನ್ನುತ್ತೀರಾ? ಸರಿ. ಒಬ್ಬ ಗಾಯಕನನ್ನಾದರೂ ಕರೆಸಿ, ಆಂಡ್ರೆಯ ಹೊಲಿಗೆ ಬಿಚ್ಚಿ, ಬೆಲ್ಮೊಂತೆಯ ಹಾಡಿನವರೆಗೆ ಹೋಗಿ. ಸಾಧ್ಯವಾದರೆ ಕೊನೆಯ ಮೇಳಗಾನವನ್ನೂ ಹಾಡಿಸಿ. ಪಾಶಾ ಕ್ಷಮಿಸಿದ ಮೇಲೆ ಅವನ ಸೈನಿಕರು ಅವನಿಗೆ ದೀರ್ಘಾಯುಷ್ಯ ಕೋರುವಾಗ, ಓವರ್ಚರಿನಲ್ಲಿ ಮೊಳಗಿದ್ದ ಅದೇ ಡೋಲು, ಅದೇ ತಾಳ ಮತ್ತೆ ಮೊಳಗುತ್ತವೆ.