ನಮ್ಮ ಲ್ಯಾಪ್‌ಟಾಪಲ್ಲಿ ಓಡುತ್ತೆ, ಹರಿಹರದಲ್ಲಿ?

ದಾವಣಗೆರೆಯ ಬಟ್ಟೆ ಅಂಗಡಿಗೆ ಬಿಲ್ಲಿಂಗ್, ಹರಿಹರದ ವರ್ಕ್‌ಶಾಪಿಗೆ ಸ್ಟಾಕ್ ಲೆಕ್ಕ. ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ಇಂಥವು ಬಹಳ. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಕ್ಲೈಂಟ್. ಲ್ಯಾಬಲ್ಲಿ ಚೆನ್ನಾಗೇ ಓಡ್ತವೆ. ಬಸ್ಸಲ್ಲಿ ಅರ್ಧ ಗಂಟೆ ದೂರದ ಹರಿಹರಕ್ಕೆ ಒಯ್ದು ಅಲ್ಲಿನ ಉಬುಂಟು ಕಂಪ್ಯೂಟರಿಗೆ ಹಾಕಿದರೆ, 'ಲಿಬ್‌ಪಿಕ್ಯೂ.ಎಸ್‌ಓ.5 ಸಿಗಲಿಲ್ಲ' ಅಂತ ನಿಂತುಬಿಡ್ತವೆ.

ಇದಕ್ಕೆ ಕ್ಯಾಂಪಸ್ಸಲ್ಲಿ ಎಲ್ಲರಿಗೂ ಗೊತ್ತಿರೋ ಮದ್ದು, ಬ್ಯಾಶ್‌ಆರ್‌ಸಿ ಫೈಲಿಗೆ ಎಲ್‌ಡಿ ಲೈಬ್ರರಿ ಪಾತ್ ಸಾಲು ಸೇರಿಸೋದು. ಈ ಮದ್ದು ಬೇಡ ಅನ್ನೋದೇ ನಮ್ಮ ವಾದ. ಆ ಫೈಲನ್ನು ಓದೋದು ಟರ್ಮಿನಲ್ಲಿನ ಬ್ಯಾಶ್. ಅಂಗಡಿಯವರು ಟರ್ಮಿನಲ್ ತೆರೀತಾರಾ? ಐಕಾನ್ ಒತ್ತುತಾರೆ, ಅಲ್ಲಿಗೆ ಆ ಸಾಲು ತಲುಪೋದೇ ಇಲ್ಲ. ಒಬ್ಬ ಆಟೋದವರ ಕಿವೀಲಿ ಮಾತ್ರ ವಿಳಾಸ ಹೇಳಿದ ಹಾಗೆ. ಅಲ್ಲದೆ ಆ ಸಾಲು ಬೇರೆ ಪ್ರೋಗ್ರಾಮುಗಳಿಗೂ ಅನ್ವಯಿಸಿ, ಅವು ತಪ್ಪು ಆವೃತ್ತಿಯ ಲೈಬ್ರರಿ ಎತ್ತಿಕೊಳ್ಳಬಹುದು.

ದಾರಿ ಪ್ರೋಗ್ರಾಮಿನೊಳಗೇ ಇರಬೇಕು. ಲಿಂಕ್ ಮಾಡುವಾಗ ಆರ್‌ಪಾತ್‌ಗೆ ಡಾಲರ್ ಒರಿಜಿನ್ ಸ್ಲ್ಯಾಶ್ ಲಿಬ್ ಅಂತ ಕೊಟ್ಟರೆ, 'ನಾನಿರೋ ಫೋಲ್ಡರಿನ ಒಳಗಿರೋ ಲಿಬ್ ನೋಡು' ಅಂತ ಅರ್ಥ. ಫೋಲ್ಡರನ್ನು ಎಲ್ಲಿಗೆ ಒಯ್ದರೂ ಸರಿ. (ಮೇಕ್‌ಫೈಲಲ್ಲಿ ಡಾಲರ್ ಎರಡು ಸಲ ಬರೆದು ಸಿಂಗಲ್ ಕೋಟ್‌ನೊಳಗಿಡಿ, ಇಲ್ಲಾಂದ್ರೆ ಮೇಕು, ಶೆಲ್ಲು ಸೇರಿ ನುಂಗಿಬಿಡ್ತವೆ.) ಈಗಾಗಲೇ ಬಿಲ್ಡ್ ಆಗಿದ್ದರೆ ಪ್ಯಾಚ್‌ಎಲ್ಫ್ ಇದೆ.

ಇಷ್ಟಕ್ಕೇ ಮುಗಿಯಲ್ಲ. ಲಿಬ್‌ಪಿಕ್ಯೂಗೆ ಓಪನ್‌ಎಸ್‌ಎಸ್‌ಎಲ್ ಬೇಕು. ಉಬುಂಟು 20.04ರಲ್ಲಿ ಇರೋದು ಲಿಬ್‌ಎಸ್‌ಎಸ್‌ಎಲ್.ಎಸ್‌ಓ.1.1, 22.04ರಲ್ಲಿ ಲಿಬ್‌ಎಸ್‌ಎಸ್‌ಎಲ್.ಎಸ್‌ಓ.3. ಹಳೇ ಲ್ಯಾಪ್‌ಟಾಪಿನ ಲಿಬ್‌ಪಿಕ್ಯೂ ಒಂದನ್ನೇ ಕಾಪಿ ಮಾಡಿ ಒಯ್ದರೆ ಹೊಸ ಕಂಪ್ಯೂಟರಲ್ಲಿ ಅದು ಸಿಕ್ಕರೂ ಅದರ ಜೊತೆಗಾರ ಸಿಗಲ್ಲ. 3ಕ್ಕೆ 1.1 ಅಂತ ಹೆಸರಿಟ್ಟು ಸಿಮ್‌ಲಿಂಕ್ ಹಾಕೋ ಜಾಣತನವೂ ನಡೆಯಲ್ಲ, ಒಳಗಿನ ಸಿಂಬಲ್‌ಗಳ ಆವೃತ್ತಿಯೇ ಬೇರೆ. ಇನ್ನೊಂದು ಸಿಕ್ಕು: ಉಬುಂಟುವಿನ ಲಿಂಕರ್ ಆರ್‌ಪಾತ್ ಬದಲು ರನ್‌ಪಾತ್ ಬರೆಯುತ್ತೆ. ಅದು ಪ್ರೋಗ್ರಾಮ್ ನೇರವಾಗಿ ಕೇಳೋ ಲೈಬ್ರರಿಗಷ್ಟೇ ದಾರಿ ತೋರಿಸುತ್ತೆ. ಹಾಗಾಗಿ ಜೊತೆಗೆ ಒಯ್ಯೋ ಲಿಬ್‌ಪಿಕ್ಯೂಗೂ ಪ್ಯಾಚ್‌ಎಲ್ಫ್‌ನಿಂದ ಬೇರೆಯಾಗಿ ಡಾಲರ್ ಒರಿಜಿನ್ ಕೊಡಬೇಕು.

ಎಲ್ಲಾ ಲೈಬ್ರರಿ ನಾವೇ ಹೊತ್ತೊಯ್ದರೆ ಓಪನ್‌ಎಸ್‌ಎಸ್‌ಎಲ್‌ನ ಸೆಕ್ಯುರಿಟಿ ತಿದ್ದುಪಡಿ ಬಂದಾಗಲೆಲ್ಲ ಹೊಸ ಪ್ಯಾಕೇಜ್ ಕಳಿಸೋ ಹೊಣೆಯೂ ನಮ್ಮದೇ. ಪರೀಕ್ಷೆ ಮುಗಿಸಿ ಬೆಂಗಳೂರಿಗೆ ಹೋದವರು ಕಳಿಸ್ತಾರಾ? ನಮಗೆ ಅನುಮಾನ. ಅಂಗಡೀಲಿ ನೆಟ್ ಇದ್ದರೆ, ಅಲ್ಲಿರೋ ಉಬುಂಟು ಆವೃತ್ತಿಯಲ್ಲೇ ಬಿಲ್ಡ್ ಮಾಡಿ, 'ಲಿಬ್‌ಪಿಕ್ಯೂ5 ಬೇಕು' ಅಂತ ಡೆಬ್ ಪ್ಯಾಕೇಜಲ್ಲಿ ಬರೆದು ಉಳಿದದ್ದನ್ನು ಆಪ್ಟ್‌ಗೆ ಬಿಡೋದೇ ಮೇಲು.

ನಮ್ಮ ಬೇಡಿಕೆ ಒಂದೇ. ಪ್ರಾಜೆಕ್ಟ್ ಡೆಮೊ ವಿದ್ಯಾರ್ಥಿಯ ಲ್ಯಾಪ್‌ಟಾಪಲ್ಲಿ ಬೇಡ. ಪೆನ್‌ಡ್ರೈವಲ್ಲಿ ತಂದು, ಆಗಷ್ಟೇ ಉಬುಂಟು ಹಾಕಿದ ಲ್ಯಾಬ್ ಕಂಪ್ಯೂಟರಲ್ಲಿ ಐಕಾನ್ ಒತ್ತಿ ತೋರಿಸಲಿ, ಅದಕ್ಕೂ ಮಾರ್ಕ್ಸ್ ಇರಲಿ. ಎಲ್‌ಡಿಡಿ ಓಡಿಸಿ 'ನಾಟ್ ಫೌಂಡ್' ಹುಡುಕೋದನ್ನೂ ಅಂಥ ಕಂಪ್ಯೂಟರಲ್ಲೇ ಮಾಡಿ. ಸ್ವಂತ ಲ್ಯಾಪ್‌ಟಾಪಲ್ಲಿ ಆ ಸಾಲು ಇರೋವರೆಗೂ ಎಲ್‌ಡಿಡಿ 'ಎಲ್ಲಾ ಸಿಕ್ತು' ಅಂತಾನೇ ಹೇಳುತ್ತೆ.